ಪದ ಪರಿಚಯ: ಪಲಾಯನ

ಕಳೆದ ವಾರ ಕೈಗೊಂದು ಕರಪತ್ರ ಬಂತು. ಶಿವಮೊಗ್ಗದ ಹವ್ಯಾಸಿ ಹುಡುಗರು ಸೇರಿ ಆಡುವ ನಾಟಕದ್ದು. ಮಳೆ ಬಂತೆಂದು ನಗರ ಅನ್ನುವ ಊರಿನ ಹಳೆಯ ಕೋಟೆಯೊಳಗೆ ನುಗ್ಗಿದ ಮೂವರು ಕಾಲೇಜು ಹುಡುಗರು ಸೀದಾ 1689ಕ್ಕೆ ಹೋಗಿ ಬೀಳುತ್ತಾರೆ. ಅಲ್ಲೊಂದು ಅಪಾಯದ ಗುಟ್ಟು. ವಾಪಸ್ ಬರುವ ಬಾಗಿಲು ಬೆಳಗಾಗುವುದರೊಳಗೆ ಮುಚ್ಚಿಕೊಳ್ಳುತ್ತದೆ. ಈಗಲೇ ಓಡೋದಾ, ನಿಂತು ಗುಟ್ಟು ಪತ್ತೆ ಮಾಡೋದಾ? ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಕರಪತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: 'ಮೈ ಜುಮ್ಮೆನ್ನಿಸುವ ಪಲಾಯನ ನಾಟಕ'.

ಪಲಾಯನ ಯಾಕಪ್ಪಾ ಅಂತ ಬರೆದವನನ್ನು ಕೇಳಿದೆ. "ಪಲ ಅಂದ್ರೆ ಕಾಲ, ಅಯನ ಅಂದ್ರೆ ಪ್ರಯಾಣ. ಕಾಲಪ್ರಯಾಣಕ್ಕೆ ನಮ್ಮಲ್ಲೇ ಇರೋ ಪದ ಸರ್, ಎಲ್ಲರೂ ಮರ್ತಿದಾರೆ" ಅಂದ. ವಾಟ್ಸಾಪಿನಲ್ಲಿ ಬಂದಿತ್ತಂತೆ.

ಅಲ್ಲ ಮಾರಾಯ, ಅಲ್ಲ.

ಈ ಪದವನ್ನು ಬೇಕಾಬಿಟ್ಟಿ ಬಳಸೋದು ನೋಡಿ ನೋಡಿ ಸಾಕಾಗಿತ್ತು. ಇದು ಕೊನೆಯ ಹುಲ್ಲುಕಡ್ಡಿ ಅಲ್ಲ, ಇಡೀ ಬಣವೆ. ಹಾಗಾಗಿ ಬರೆಯುತ್ತಿದ್ದೇನೆ.

ಹುಡುಗನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಪಲ ಅನ್ನುವ ಕಾಲದ ಅಳತೆ ನಿಜವಾಗಿಯೂ ಇದೆ. ದಿನಕ್ಕೆ 60 ಘಟಿ, ಘಟಿಗೆ 60 ಪಲ. ಅಂದರೆ ಒಂದು ಪಲಕ್ಕೆ ನಮ್ಮ ಲೆಕ್ಕದಲ್ಲಿ 24 ಸೆಕೆಂಡು. ಪಂಚಾಂಗದಲ್ಲಿ ವಿಘಟಿ ಅಂತ ಇರುತ್ತದಲ್ಲ, ಅದೇ. ಪಲ, ಅಯನ ಎರಡನ್ನೂ ಕೂಡಿಸಿದರೆ ಸವರ್ಣದೀರ್ಘ ಸಂಧಿಯಾಗಿ ಪಲಾಯನ ಅಂತಲೇ ಬರುತ್ತದೆ. ಲೆಕ್ಕ ಸರಿಯಾಗಿದೆ, ಉತ್ತರ ಮಾತ್ರ ತಪ್ಪು. ಸಂಧಿ ಕೂಡಿತು ಅಂದಮಾತ್ರಕ್ಕೆ ಪದ ಹುಟ್ಟಿದ್ದು ಹಾಗೇ ಅಂತ ಆಗುವುದಿಲ್ಲ. ಪಲ ಅಂದರೆ ಮಾಂಸ ಅಂತಲೂ ಅರ್ಥ ಇದೆ. ಆಗ ಪಲಾಯನ ಅಂದರೆ ಏನು, ಕೋಳಿಸಾರು ಹುಡುಕಿಕೊಂಡು ಹೊರಟ ಯಾತ್ರೆಯಾ?

ಪದ ಒಡೆಯಬೇಕಾದ್ದು ಪರಾ, ಅಯನ ಅಂತ. ಪರಾ ಅಂದರೆ ದೂರಕ್ಕೆ, ಬೆನ್ನು ತಿರುಗಿಸಿ ಆಚೆಗೆ. ಅಯನ ಅಂದರೆ ಹೋಗುವುದು. ಹಾಗಾದರೆ ಪರಾಯನ ಆಗಬೇಕಿತ್ತಲ್ಲ, ಲಕಾರ ಎಲ್ಲಿಂದ ಬಂತು? ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಬರೆದಿಟ್ಟಿದ್ದಾನೆ. 'ಉಪಸರ್ಗಸ್ಯಾಯತೌ', ಎಂಟನೇ ಅಧ್ಯಾಯದ ಎರಡನೇ ಪಾದದಲ್ಲಿ. ಉಪಸರ್ಗದ ಮುಂದೆ ಈ 'ಅಯ್' ಧಾತು ಬಂದರೆ ರಕಾರ ಲಕಾರ ಆಗುತ್ತದೆ, ಅಷ್ಟೇ. ವಿಚಿತ್ರ ಅನ್ನಿಸಿದರೆ ಪಲ್ಲಕ್ಕಿಯನ್ನು ನೆನೆಸಿಕೊಳ್ಳಿ. ಪರ್ಯಂಕ, ಪಲ್ಯಂಕ ಎರಡೂ ರೂಪ ಇದ್ದವು. ಲಕಾರದ ಕಡೆಯಿಂದ ನಮ್ಮ ಪಲ್ಲಕ್ಕಿ ಬಂತು. ರ ಮತ್ತು ಲ ಹಳೆಯ ನೆಂಟರು.

ಇದೇ ಮನೆಯ ಇನ್ನಿಬ್ಬರನ್ನು ಪರಿಚಯ ಮಾಡಿಕೊಡದಿದ್ದರೆ ನನಗೆ ಸಮಾಧಾನ ಇಲ್ಲ. ಒಂದು ಪರಾಯಣ. 'ಕರ್ತವ್ಯಪರಾಯಣ' ಅನ್ನುತ್ತೇವಲ್ಲ, ಅದು. ಪರ, ಅಂದರೆ ಎಲ್ಲಕ್ಕಿಂತ ಮೇಲಿನದು. ಅದನ್ನೇ ಗುರಿ ಮಾಡಿಕೊಂಡವನು ಪರಾಯಣ. ಇನ್ನೊಂದು ಪಾರಾಯಣ. ಪಾರ ಅಂದರೆ ಆಚೆ ದಡ. ಓದುತ್ತಾ ಓದುತ್ತಾ ಗ್ರಂಥದ ಆಚೆ ದಡ ಮುಟ್ಟುವುದು ಪಾರಾಯಣ. ಕರ್ತವ್ಯಪರಾಯಣ ಅಂದರೆ ಹಾರ ಹಾಕುತ್ತಾರೆ, ಕರ್ತವ್ಯದಿಂದ ಪಲಾಯನ ಅಂದರೆ ನೋಟಿಸ್ ಕೊಡುತ್ತಾರೆ. ಕಿವಿಗೆ ಇರುವ ವ್ಯತ್ಯಾಸ ಎರಡೇ ಅಕ್ಷರದ್ದು.

ಆ ಕೊನೆಯ ಅಕ್ಷರ ಗಮನಿಸಿ. ಪರಾಯಣ, ಪಾರಾಯಣ, ರಾಮಾಯಣ, ಉತ್ತರಾಯಣ, ಎಲ್ಲದರಲ್ಲೂ ದೊಡ್ಡ ಣ. ಹಿಂದೆ ಇರುವ ರಕಾರ ಮುಂದಿನ ನಕಾರವನ್ನು ಣಕಾರ ಮಾಡುತ್ತದೆ. ಪಲಾಯನದಲ್ಲಿ ರಕಾರವೇ ಲಕಾರ ಆಗಿಹೋಯಿತಲ್ಲ, ಹಾಗಾಗಿ ಅಲ್ಲಿ ಸಣ್ಣ ನ ಹಾಗೇ ಉಳಿಯಿತು. 'ಪಲಾಯಣ' ಅಂತ ಬರೆಯುವವರು ಇದ್ದಾರೆ. ನಮ್ಮ ಕರಪತ್ರದ ಒಳಪುಟದಲ್ಲೂ ಒಂದು ಕಡೆ ಹಾಗೇ ಇದೆ. ಒಂದೇ ಕಾಗದದಲ್ಲಿ ಎರಡು ಕಾಗುಣಿತ! 'ಯಃ ಪಲಾಯತಿ ಸ ಜೀವತಿ' (ಓಡಿದವನು ಬದುಕುತ್ತಾನೆ) ಅಂತ ಸಂಸ್ಕೃತ ಗಾದೆ ಹೊಡೆಯುವವರೂ ವ್ಯಾಕರಣದ ಪ್ರಕಾರ 'ಪಲಾಯತೇ' ಅನ್ನಬೇಕು. ಆದರೆ ಓಡುತ್ತಿರುವವನನ್ನು ನಿಲ್ಲಿಸಿ ಆತ್ಮನೇಪದ ತಿದ್ದುವುದು ಬೇಡ, ಬಿಡಿ.

ಪಾರಾಯಣದ ಆ 'ಪಾರ'ವೇ ನಮ್ಮ 'ಪಾರಾಗು'ವಿನಲ್ಲೂ ಇರುವುದು. ಅಪಾರ ಅಂದರೆ ಆಚೆ ದಡವೇ ಕಾಣದ್ದು. ಪಾರಂಗತ ಅಂದರೆ ಆಚೆ ದಡ ಮುಟ್ಟಿದವನು. ಸಾಗರ ತಾಲ್ಲೂಕಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಲಾಂಚ್ ಹತ್ತಿ ಕಳಸವಳ್ಳಿ ದಡದಲ್ಲಿ ಇಳಿದ ಯಾರಿಗೂ 'ಪಾರು' ಅಂದರೆ ಏನು ಅಂತ ಕಾಲಿಗೇ ಗೊತ್ತು. 2025ರಲ್ಲಿ ಸೇತುವೆ ಬಂತು, ಈಗ ಕಾರಿನಲ್ಲಿ ಕೂತೇ ಪಾರಾಗಬಹುದು. ಪಾರಾಗುವವನ ಮುಂದೆ ಒಂದು ದಡ ಇರುತ್ತದೆ. ಪಲಾಯನ ಮಾಡುವವನ ಬೆನ್ನ ಹಿಂದೆ ಬಿಟ್ಟುಬಂದ ಒಂದು ಕೆಲಸ ಇರುತ್ತದೆ. 'ಬಸ್ ಹಳ್ಳಕ್ಕೆ: ಪ್ರಯಾಣಿಕರು ಅಪಾಯದಿಂದ ಪಲಾಯನ' ಅಂತ ತಲೆಬರಹ ಕೊಟ್ಟವರು ಪಾಪ ಆ ಪ್ರಯಾಣಿಕರನ್ನು ಹೇಡಿಗಳನ್ನಾಗಿ ಮಾಡಿದರು. ಬಸ್ಸಿನಲ್ಲೇ ಕೂತು ಹಳ್ಳವನ್ನು ಎದುರಿಸಬೇಕಿತ್ತಾ ಅವರು?

ಪರಾರಿ ಬೇರೆಯೇ ಜಾತಿ. ಅದಕ್ಕೂ ಪರಾ ಉಪಸರ್ಗಕ್ಕೂ ಏನೇನೂ ಸಂಬಂಧ ಇಲ್ಲ. ಅರಬ್ಬಿಯ 'ಫಿರಾರ್', ಅಂದರೆ ಓಟ ಕೀಳುವುದು. ಪಾರಸಿ, ಉರ್ದು ಹಾದು ದಫ್ತರಿನ ಭಾಷೆಯ ಜೊತೆ ಇಲ್ಲಿಗೆ ಬಂತು. ಬಂದವರ ಫಕಾರವನ್ನು ನಾವು ಪಕಾರ ಮಾಡಿಕೊಂಡೆವು. ಪರಾರಿ ಅಂದಕೂಡಲೇ ಹಿಂದೆ ಒಬ್ಬ ಪೊಲೀಸಪ್ಪ ಕಾಣಬೇಕು. ಬೆನ್ನಟ್ಟುವವರೇ ಇಲ್ಲದಿದ್ದರೆ ಪರಾರಿಯೂ ಇಲ್ಲ.

ಇನ್ನು ಪಲಾಯನಕ್ಕೆ ಮಾದರಿ ಯಾರು ಅಂತ ಮಲೆನಾಡಿನಲ್ಲಿ ಕೇಳಬಾರದು. ಒಂದು ರಾತ್ರಿ ನಿದ್ದೆಗೆಟ್ಟು ಯಕ್ಷಗಾನ ನೋಡಿದವರಿಗೆಲ್ಲ ಉತ್ತರಕುಮಾರ ಗೊತ್ತು. ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡು ರಥ ಹತ್ತಿದ. ಕೌರವರ ಸೇನೆ ಕಂಡದ್ದೇ ತಡ, ರಥದಿಂದ ಹಾರಿ ಕಾಲಿಗೆ ಬುದ್ಧಿ ಹೇಳಿದ. ಅದು ಅಪ್ಪಟ ಪಲಾಯನ. ಹೋಗಬೇಕಾದ ದಡ ಇಲ್ಲ, ಅಟ್ಟಿಸಿಕೊಂಡು ಬಂದ ವೈರಿ ಇಲ್ಲ, ಮಾಡಬೇಕಾದ ಕೆಲಸ ಮಾತ್ರ ಹಿಂದೆ ಬಿತ್ತು. ಅಟ್ಟಿಸಿಕೊಂಡು ಹೋದದ್ದು ಅವನದೇ ಸಾರಥಿ ಬೃಹನ್ನಳೆ. ಮುಂದಿನದು ಇನ್ನೂ ಚೆಂದ. ಹಿಡಿದು ತಂದವಳು ಬನ್ನಿಮರದ ಹತ್ತಿರ ತಾನು ಯಾರು ಅಂತ ಹೇಳುತ್ತಾಳೆ. ಆ ಗುಟ್ಟು ಅಜ್ಞಾತವಾಸದ ವರ್ಷ ಮುಗಿಯುವ ಮೊದಲೇ ಹೊರಬಿದ್ದಿದ್ದರೆ ಪಾಂಡವರಿಗೆ ಮತ್ತೆ 12 ವರ್ಷ ಕಾಡು. ಅವಧಿ ಮುಗಿದಿಲ್ಲ ಅಂತ ದುರ್ಯೋಧನನ ತಕರಾರು. ಐದು ವರ್ಷಕ್ಕೆ ಎರಡು ಅಧಿಕಮಾಸ, 13 ವರ್ಷಕ್ಕೆ 5 ತಿಂಗಳು 12 ರಾತ್ರಿ ಹೆಚ್ಚೇ ಆಗಿದೆ ಅಂತ ಭೀಷ್ಮನ ಲೆಕ್ಕ. ಓಟ, ಗುಟ್ಟು, ಕಾಲದ ಗೋಜಲು, ಮೂರೂ ಒಂದೇ ಪ್ರಸಂಗದಲ್ಲಿ. ನಮ್ಮ ನಾಟಕದ ಹುಡುಗರು ಇದನ್ನು ನೋಡಿಕೊಂಡಿದ್ದರೆ ಸಾಕಿತ್ತು.

ಕೃಷ್ಣನೂ ಓಡಿದ್ದಾನೆ, ಮಥುರೆಯ ಮೇಲೆ ದಂಡೆತ್ತಿ ಬಂದ ಕಾಲಯವನನ ಎದುರಿನಿಂದ. ಆದರೆ ಆತ ಓಡಿದ್ದು ಲೆಕ್ಕ ಹಾಕಿ, ಮುಚುಕುಂದ ಅನ್ನುವ ಹಳೆಯ ಕಾಲದ ರಾಜ ಮಲಗಿದ್ದ ಗುಹೆಗೇ. ಕಾಲಯವನ ಹೋಗಿ ಮುಚುಕುಂದನನ್ನು ಒದ್ದು ಎಬ್ಬಿಸಿದ, ಅವನ ನೋಟಕ್ಕೇ ಸುಟ್ಟು ಬೂದಿಯಾದ. ಇದು ಪಲಾಯನ ಅಲ್ಲ, ಬಲೆ. ಕಾಲಪ್ರಯಾಣದ ಕಥೆ ಬೇಕು ಅನ್ನುವವರಿಗೆ ಇಲ್ಲಿ ಮುಚುಕುಂದನೇ ಇದ್ದಾನೆ. ಯುಗ ಕಳೆಯುವಷ್ಟು ಮಲಗಿ, ಗುಹೆಯಿಂದ ಹೊರಗೆ ಬಂದು ನೋಡಿದರೆ ಮನುಷ್ಯರು, ಪ್ರಾಣಿಗಳು, ಗಿಡಮರ ಎಲ್ಲ ಗಿಡ್ಡ ಆಗಿವೆ.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ಕಡೆ. ಹಿಂದಿಯಲ್ಲಿ ಕೆಲಸ ಹುಡುಕಿಕೊಂಡು ಊರು ಬಿಡುವುದಕ್ಕೂ ಪಲಾಯನ ಅಂತಾರೆ. ಅದು ಅವರ ಬಳಕೆ, ಅವರಿಗೆ ಸರಿ. ನಮ್ಮ ಟೀವಿಯವರು ಅದನ್ನು ಹಾಗೇ ಎತ್ತಿಕೊಂಡು ಬಂದು 'ಕಾರ್ಮಿಕರ ಪಲಾಯನ', 'ಮಲೆನಾಡಿನ ಯುವಕರ ಪಲಾಯನ' ಅನ್ನುತ್ತಾರೆ. ಗುಳೆ ಅನ್ನುವ ಪದ ಎಲ್ಲಿ ಹೋಯಿತು? ಬರಗಾಲಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋದವರು ಗುಳೆ ಹೋದರು. ತೋಟದ ಆದಾಯ ಸಾಲದೆ ಬೆಂಗಳೂರಿಗೆ ಹೋದವರು ಊರು ಬಿಟ್ಟರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಗದ್ದೆ, ತೋಟ, ಮನೆ ನೀರಿನಡಿ ಹೋದಾಗ ಎದ್ದು ಬಂದವರು ಮುಳುಗಡೆಯವರು. ಅವರು ಯಾವ ಕರ್ತವ್ಯಕ್ಕೂ ಬೆನ್ನು ತೋರಿಸಿದವರಲ್ಲ. ಅವರಿಗೆ ಪಲಾಯನ ಅನ್ನುವುದು ಕನ್ನಡದ ಕಿವಿಗೆ ಬೈಗುಳ. ಇನ್ನು 'ನಗರದಿಂದ ಎರಡು ದಿನ ಪಲಾಯನ ಮಾಡಿ, ನಮ್ಮ ಹೋಂಸ್ಟೇಗೆ ಬನ್ನಿ' ಅನ್ನುವ ಜಾಹೀರಾತು ಇದೆಯಲ್ಲ, ಅದರ ಮೇಲೆ ಮಾತು ಖರ್ಚು ಮಾಡುವುದಿಲ್ಲ.

ಮತ್ತೆ ನಾಟಕಕ್ಕೆ ಬರೋಣ. 1689ರ ಬಿದನೂರು, ಆಗ ಕೆಳದಿ ಅರಸರ ರಾಜಧಾನಿ. ಅದನ್ನು ಹೈದರಾಲಿ ಗೆದ್ದದ್ದು 1763ರಲ್ಲಿ, ಹೈದರ್‌ನಗರ ಅಂದದ್ದೂ ಆಮೇಲೆ. ಈಗ ಬರೀ ನಗರ. ಹಾಗಾಗಿ ನಾಟಕದ ಕಾವಲುಗಾರ 'ನಗರದ ಕೋಟೆಗೆ ಸ್ವಾಗತ' ಅನ್ನುವಂತಿಲ್ಲ. (ಇದನ್ನೂ ಹೇಳಿದೆ. ತಿದ್ದಿಕೊಂಡರು.) ಆಗ ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮ. ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ವರ್ಷ ಅದು. ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿ ಕೋಟೆಯ ಕಡೆ ಹೊರಟಿದ್ದ. ಕೆಳದಿಯ ಸೀಮೆ ದಾಟುವಾಗ ಚೆನ್ನಮ್ಮ ಆಶ್ರಯ ಕೊಟ್ಟಳು. ಮೊಗಲ್ ಸೇನೆ ಮೇಲೆ ಬಂತು, ಎದುರು ನಿಂತಳು. ಇದು ಇತಿಹಾಸ. ಅರಮನೆಯೊಳಗೇ ಒಬ್ಬ ಮೊಗಲರಿಗೆ ಸುದ್ದಿ ಮುಟ್ಟಿಸುತ್ತಿದ್ದಾನೆ, ಆತ ಯಾರು ಅನ್ನುವುದೇ ಗುಟ್ಟು, ಇದು ನಮ್ಮ ಹುಡುಗನ ಕಲ್ಪನೆ.

ರಾಜಾರಾಮನದು ಪಲಾಯನವಾ? ರಾಯಗಡ ಬಿಟ್ಟದ್ದು ನಿಜ. ಆದರೆ ಜಿಂಜಿ ಮುಟ್ಟಿ ಅಲ್ಲಿಂದ ವರ್ಷಗಟ್ಟಲೆ ಯುದ್ಧ ನಡೆಸಿದ. ಮೊಗಲರ ಕಡೆಯಿಂದ ನೋಡಿದರೆ ಪರಾರಿ, ಮರಾಠರ ಕಡೆಯಿಂದ ಪಾರು. ಪಲಾಯನ ಅನ್ನಬೇಕಾದರೆ ಹೋರಾಟವನ್ನೇ ಕೈಬಿಟ್ಟಿರಬೇಕಿತ್ತು.

ಮೂವರು ಹುಡುಗರಿಗೂ ಇದೇ ಲೆಕ್ಕ ಹಾಕಿ. ದ್ರೋಹಿ ಒಬ್ಬನಿದ್ದಾನೆ ಅಂತ ಗೊತ್ತಾಗಿಯೂ, ನಮಗ್ಯಾಕೆ ಊರ ಉಸಾಬರಿ ಅಂತ ಬಾಗಿಲು ಹಾರಿದರೆ ಪಲಾಯನ. ಇವರೇ ಗೂಢಚಾರರು ಅಂತ ಅನುಮಾನ ಬಂದು ರಾಣಿಯ ಭಟರು ಬೆನ್ನುಹತ್ತಿ, ಹೇಗೋ ಜಾರಿಕೊಂಡರೆ ಪರಾರಿ. ದ್ರೋಹಿಯ ಹೆಸರು ರಾಣಿಯ ಕಿವಿಗೆ ಮುಟ್ಟಿಸಿ, ಕೋಳಿ ಕೂಗುವ ಹೊತ್ತಿಗೆ ಈಚೆಗೆ ಬಿದ್ದರೆ ಪಾರು. ನಾಟಕದಲ್ಲಿ ಆಗುವುದು ಮೂರನೆಯದು. ಆದರೆ ಮಾತಿನಲ್ಲಿ ಎಲ್ಲ ಕಡೆಯೂ ಪಲಾಯನವೇ. ರಾಣಿಯೇ ಕೊನೆಯಲ್ಲಿ 'ಮಕ್ಕಳೇ, ಬೇಗ ಪಲಾಯನ ಮಾಡಿ' ಅಂತ ಹರಸುತ್ತಾಳೆ! ಚೆನ್ನಮ್ಮನ ಬಾಯಲ್ಲಿ ಆ ಮಾತು!

ಇನ್ನೊಂದು ಎಡವಟ್ಟು ಇದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕರಪತ್ರದ ಪ್ರಕಾರ ಮೂವರೂ 'ರಹಸ್ಯವನ್ನು ಬಯಲು ಮಾಡಲು ಪಣ ತೊಡುತ್ತಾರೆ'. ಬಯಲು ಅಂದರೆ ಮರೆ ಇಲ್ಲದ ಜಾಗ. ಕಾನಿನೊಳಗೆ ಬೆಳೆದ ನಮಗೆ ಅದು ಚೆನ್ನಾಗಿ ಗೊತ್ತು. ಬಯಲು ಮಾಡುವುದು ಅಂದರೆ ಊರಿಗೆಲ್ಲ ಕಾಣುವ ಹಾಗೆ ಮಾಡುವುದು. ಅಲ್ಲಿ ರಾಜಾರಾಮನ ಗುಟ್ಟೂ ಇದೆ, ದ್ರೋಹಿಯ ಗುಟ್ಟೂ ಇದೆ. ಎರಡನ್ನೂ ಬಯಲು ಮಾಡಿದರೆ ದ್ರೋಹಿಗೆ ಬೇರೆ ಕೆಲಸವೇ ಉಳಿಯಲ್ಲ, ಇವರೇ ಮಾಡಿಕೊಟ್ಟ ಹಾಗಾಯಿತು. ಮೊದಲ ಗುಟ್ಟನ್ನು ಕಾಯಬೇಕು, ಎರಡನೆಯದನ್ನು ಭೇದಿಸಬೇಕು. ಭೇದಿಸಿದ್ದು ನಮ್ಮ ತಲೆಯಲ್ಲೇ ಉಳಿಯಬಹುದು, ಬಯಲಾದದ್ದು ಉಳಿಯುವುದಿಲ್ಲ.

ಇಷ್ಟನ್ನೂ ಹುಡುಗನಿಗೆ ಒಂದು ಸಂಜೆ ಕೂತು ಹೇಳಿದೆ. ತಾಳ್ಮೆಯಿಂದ ಕೇಳಿದ. ರಾಣಿಯ ಮಾತನ್ನು 'ಹೋಗಿ ಬನ್ನಿ ಮಕ್ಕಳೇ, ಸುಖವಾಗಿ ದಡ ಸೇರಿ' ಅಂತ ಅಲ್ಲೇ ತಿದ್ದಿದ. ಅದು ನನಗೆ ಹೊಳೆದಿರಲಿಲ್ಲ, ನಿಜವಾಗಿ ಚೆನ್ನಾಗಿತ್ತು. ಕರಪತ್ರದಲ್ಲಿ ಪಲಾಯನ ತೆಗೆದು ಕಾಲಯಾನ ಅಂತ ಹಾಕುತ್ತೇನೆ, ಸರ್, ಅಂದ. ಹಾಕು ಅಂದೆ.

ನಿನ್ನೆ ಹೊಸ ಕರಪತ್ರ ಬಂತು, ಐನೂರು ಪ್ರತಿ ಅಚ್ಚಾಗಿದೆಯಂತೆ. ದಪ್ಪಕ್ಷರದಲ್ಲಿ 'ಮೈ ಜುಮ್ಮೆನ್ನಿಸುವ ಕಾಲಯವನ ನಾಟಕ' ಅಂತ ಇದೆ.