ಮಾರ್ಕೆಟಿಂಗ್ ಪ್ಲಾನ್: ಕಾಫಿ ಪುಡಿ ಅಂಗಡಿಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಪರೀಕ್ಷೆಯಲ್ಲಿ ‘ಮಾರ್ಕೆಟಿಂಗ್ ಪ್ಲಾನ್ ಎಂದರೇನು’ ಅಂತ ಕೇಳಿದರೆ ನಾವೆಲ್ಲ ನಾಲ್ಕು ‘ಪಿ’ಗಳನ್ನು ಬರೆದು ಮುಗಿಸುತ್ತೇವೆ: ಸರಕು (ಪ್ರಾಡಕ್ಟ್), ಬೆಲೆ (ಪ್ರೈಸ್), ಮಾರುವ ಜಾಗ (ಪ್ಲೇಸ್), ಪ್ರಚಾರ (ಪ್ರಮೋಷನ್). 1960ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ಕೊಟ್ಟ ಪಟ್ಟಿ ಇದು. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅಲ್ಲಿಂದಲೇ ಶುರು ಮಾಡಿದವರಿಗೆ ಪ್ಲಾನ್ ಕೈಗೆ ಹತ್ತುವುದಿಲ್ಲ. ಮೊದಲ ಪ್ರಶ್ನೆ: ಯಾರಿಗೆ ಮಾರುತ್ತೇವೆ?

ನಮ್ಮ ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ದಶಕಗಳ ಕಾಲ ಈ ಪ್ರಶ್ನೆ ಕೇಳಿಕೊಳ್ಳಬೇಕಾಗಿಯೇ ಬರಲಿಲ್ಲ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟುಗೂಡುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು, ಮಾರುವ ಕೆಲಸ ಮಂಡಳಿಯದು. 1992ರಿಂದ ಅದು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರೆಲ್ಲರಿಗೂ ಮುಕ್ತ ಮಾರುಕಟ್ಟೆ ಸಿಕ್ಕಿತು. ಗಿರಾಕಿಯನ್ನು ಹುಡುಕುವ ಹೊಣೆಯೂ ಅವತ್ತಿನಿಂದ ಅವರದೇ ಆಯಿತು.

ಈಗ ಪೇಟೆಯ ಒಂದು ಪುಡಿ ಅಂಗಡಿಗೆ ಬನ್ನಿ. ಇಲ್ಲಿ ಎರಡು ಥರದ ಗಿರಾಕಿಗಳಿದ್ದಾರೆ. ಒಬ್ಬರು ಊರಿನವರು. ‘80-20, ಅರ್ಧ ಕೆ.ಜಿ., ಸ್ವಲ್ಪ ತರಿಯಾಗಿರಲಿ’ (ಶೇ. 80 ಕಾಫಿ, ಶೇ. 20 ಚಿಕೋರಿ ಬೇರಿನ ಪುಡಿ) ಎಂದು ಹೇಳಿ, ಕಣ್ಣೆದುರೇ ಬೀಸಿಸಿಕೊಂಡು ಹೋಗುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಇನ್ನೊಬ್ಬರು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿಕೊಂಡು ಭಾನುವಾರ ಸಂಜೆ ಕಾರು ನಿಲ್ಲಿಸುವ ಪ್ರವಾಸಿ. ಅವರಿಗೆ ಬೇಕಾದ್ದು ಚಂದದ ಪೊಟ್ಟಣ, ಮತ್ತು ‘ಇದು ಇಲ್ಲಿಯದೇ ತಾನೆ?’ ಎಂಬುದಕ್ಕೆ ನಂಬುವಂಥ ಉತ್ತರ.

ಇಬ್ಬರನ್ನೂ ಒಂದೇ ಪ್ಲಾನ್‌ನಲ್ಲಿ ಸೇರಿಸಿದರೆ ದುಡ್ಡು ಎಲ್ಲಿ ಸೋರುತ್ತದೆ ಎಂಬುದು ಲೆಕ್ಕ ಹಾಕಿದಾಗ ಕಾಣುತ್ತದೆ. ಕೆಳಗಿನ ಬೆಲೆಗಳೆಲ್ಲ ಅಭ್ಯಾಸಕ್ಕಾಗಿ ನಾನೇ ಇಟ್ಟುಕೊಂಡವು. ನಿಮ್ಮ ಅಂಗಡಿಯ ಅಂಕಿಗಳನ್ನು ಹಾಕಿ ನೋಡಿ.

ಊರಿನ ಒಂದು ಮನೆಗೆ ತಿಂಗಳಿಗೆ ಅರ್ಧ ಕೆ.ಜಿ. ಅಂದರೆ ವರ್ಷಕ್ಕೆ 6 ಕೆ.ಜಿ. ಕೆ.ಜಿ.ಗೆ 100 ರೂ. ಉಳಿದರೆ ಆ ಮನೆಯಿಂದ ವರ್ಷಕ್ಕೆ 600 ರೂ. ಪ್ರವಾಸಿ ಒಯ್ಯುವುದು 250 ಗ್ರಾಂ. ಪೊಟ್ಟಣದ ಮೇಲೆ ಕೆ.ಜಿ.ಗೆ 160 ರೂ. ಉಳಿದರೂ ಅವರಿಂದ ಸಿಗುವುದು 40 ರೂ., ಅದೂ ಒಂದೇ ಸಲ. ಈಗ 50 ಗ್ರಾಂನ ಸ್ಯಾಂಪಲ್ ಪೊಟ್ಟಣ ಹಂಚುತ್ತೇವೆ ಎನ್ನಿ, ಒಂದಕ್ಕೆ 30 ರೂ. ಖರ್ಚು. ಐದು ಮನೆಗೆ ಕೊಟ್ಟು ಒಂದು ಮನೆ ಖಾಯಂ ಆದರೆ ಆ ಗಿರಾಕಿಯನ್ನು ಗಳಿಸಲು ತಗುಲಿದ್ದು 150 ರೂ. ಊರಿನ ಮನೆಯಾದರೆ ಇದು ಒಳ್ಳೆಯ ವ್ಯವಹಾರ. ಪ್ರವಾಸಿಯಾದರೆ 110 ರೂ. ನಷ್ಟ. ಹಾಗಾಗಿ ಪ್ರವಾಸಿಗೆ ರಸ್ತೆಗೆ ಕಾಣುವ ಒಂದು ಬೋರ್ಡು, ಒಳ್ಳೆಯ ಪೊಟ್ಟಣ ಸಾಕು. ಸ್ಯಾಂಪಲ್ ಊರಿನ ಬೀದಿಗಳಿಗೆ ಹೋಗಲಿ. ಪ್ರವಾಸಿ ಬೆಂಗಳೂರಿಗೆ ಮರಳಿ ವಾಟ್ಸಾಪ್‌ನಲ್ಲಿ ಮತ್ತೆ ತರಿಸಿಕೊಂಡರೆ ಅವರು ಮೂರನೆಯ ಥರದ ಗಿರಾಕಿ. ಅವರ ಲೆಕ್ಕಕ್ಕೆ ಕೊರಿಯರ್ ಖರ್ಚನ್ನೂ ಸೇರಿಸಿ ಬೇರೆಯೇ ಬರೆಯಬೇಕು.

ಬೆಲೆಯಲ್ಲಿ ನಾವು ಕಲಿಯುವವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಹುರಿದಾಗ ಬೀಜದ ತೂಕ ಸುಮಾರು ಶೇ. 15ರಿಂದ 20ರಷ್ಟು ಇಳಿಯುತ್ತದೆ. 400 ರೂ.ಗೆ ತಂದ ಒಂದು ಕೆ.ಜಿ. ಬೀಜ ಹುರಿದು 800 ಗ್ರಾಂ ಆದರೆ, ಹುರಿದ ಕಾಫಿ ಕೆ.ಜಿ.ಗೆ 500 ರೂ. ಬಿತ್ತು. ಇದನ್ನು ಮರೆತರೆ ಮೇಲಿನ 100 ರೂ. ಲಾಭ ಬರೀ ಕಾಗದದ ಮೇಲಿನದು.

ಸರಕಿನ ವಿಚಾರದಲ್ಲಿ ಪೊಟ್ಟಣದ ಮೇಲಿನ ಅಕ್ಷರಗಳೂ ಪ್ಲಾನ್‌ನ ಭಾಗವೇ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಎಂಬುದನ್ನು ಮುದ್ರಿಸಬೇಕು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು (ಜಿಐ, ಆ ಪ್ರದೇಶದ ಸರಕಿಗಷ್ಟೇ ಸಲ್ಲುವ ಹೆಸರು) ಸಿಕ್ಕಿದೆ ನಿಜ, ಆದರೆ ಊರಿನಲ್ಲಿ ಅಂಗಡಿ ಇದೆ ಎಂದ ಮಾತ್ರಕ್ಕೆ ಆ ಗುರುತನ್ನು ಅಚ್ಚು ಹಾಕಿಸುವಂತಿಲ್ಲ. ಅಧಿಕೃತ ಬಳಕೆದಾರರೆಂದು ನೋಂದಣಿಯಾಗಿರಬೇಕು. ಪ್ರವಾಸಿಯ ‘ಇಲ್ಲಿಯದೇ ತಾನೆ?’ ಎಂಬ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವ ಪ್ಲಾನ್ ನನಗೆ ಪ್ಲಾನ್ ಅನ್ನಿಸುವುದೇ ಇಲ್ಲ.

ಖರ್ಚಿನ ಕ್ಯಾಲೆಂಡರ್ ಬಗ್ಗೆ ಒಂದು ಮಾತು. ಅರೇಬಿಕಾ ಕೊಯ್ಲು ನವೆಂಬರ್‌ ಹೊತ್ತಿಗೆ ಶುರುವಾಗುತ್ತದೆ, ಕಾಫಿಯ ಇನ್ನೊಂದು ಜಾತಿ ರೊಬಸ್ಟಾ ಅದರ ಹಿಂದೆ ಬರುತ್ತದೆ. ವರ್ಷದ ಬೀಜವನ್ನು ಕೊಯ್ಲಿನಲ್ಲೇ ಕೊಂಡಿಡುವ ಅಂಗಡಿಯಾದರೆ ಆಗ ಕೈಯಲ್ಲಿನ ದುಡ್ಡೆಲ್ಲ ಚೀಲಗಳಲ್ಲಿ ಕೂತಿರುತ್ತದೆ. ದೊಡ್ಡ ಪ್ರಚಾರದ ಖರ್ಚನ್ನು ಆ ತಿಂಗಳುಗಳಿಗೆ ಬರೆದರೆ ಸಾಲ ಮಾಡಬೇಕಾಗುತ್ತದೆ.

ಇನ್ನು ಪ್ಲಾನ್ ಬಳಸುವುದು. ನಮ್ಮ ಸೋದರಮಾವನ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದಾಗ ಫ್ಲೆಕ್ಸ್, ಕರಪತ್ರ, ರಿಯಾಯಿತಿ ಮೂರನ್ನೂ ಒಂದೇ ವಾರ ಮಾಡಿಸಿದ್ದೆ. ಜನ ಬಂದರು. ಯಾವುದನ್ನು ನೋಡಿ ಬಂದರು ಎಂದು ಮಾವ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಹೊಸ ಮುಖ ಕಂಡರೆ ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು ಅಮ್ಮಾ?’ ಎಂದು ಕೇಳಿ ಒಂದು ಗೆರೆ ಹಾಕುವುದು, ಅಷ್ಟೇ.

ಗುರಿಯನ್ನು ಸಂಖ್ಯೆ ಮತ್ತು ದಿನಾಂಕದೊಂದಿಗೆ ಬರೆಯಿರಿ: ‘ಸೆಪ್ಟೆಂಬರ್ ಕೊನೆಗೆ 60 ಖಾಯಂ ಮನೆಗಳು, ಅದಕ್ಕೆ 300 ಸ್ಯಾಂಪಲ್.’ ಆ ದಿನ ಬಂದಾಗ 20 ಮನೆಗಳಷ್ಟೇ ಆಗಿದ್ದರೆ ನೋಟ್‌ಬುಕ್ ತೆರೆಯಿರಿ. 300 ಪೊಟ್ಟಣಕ್ಕೆ 25 ಮನೆಯವರು ಮಾತ್ರ ಬಂದಿದ್ದರೆ ಹಂಚಿದ ಬೀದಿ ತಪ್ಪಿರಬಹುದು, ಪುಡಿಯೇ ಅವರಿಗೆ ಹಿಡಿಸದಿರಬಹುದು; ನಾಲ್ಕು ಮನೆಗೆ ಹೋಗಿ ಕೇಳಿದರೆ ಯಾವುದೆಂದು ತಿಳಿಯುತ್ತದೆ. 100 ಮನೆಯವರು ಒಂದೊಂದು ಸಲ ಕೊಂಡು 80 ಮನೆಯವರು ಮತ್ತೆ ಬರಲಿಲ್ಲ ಎಂದಾದರೆ ಹಂಚಿಕೆ ತನ್ನ ಕೆಲಸ ಮಾಡಿದೆ. ಆಗ ನೋಡಬೇಕಾದ್ದು ಹುರಿದ ಹದವನ್ನು, ಬೀಸಿದ ತರಿಯನ್ನು, ಸ್ಯಾಂಪಲ್‌ನಲ್ಲಿ ಕೊಟ್ಟ ಪುಡಿಯೇ ಗಲ್ಲಾದಲ್ಲೂ ಸಿಕ್ಕಿತೇ ಎಂಬುದನ್ನು.