ಒಂದೇ ಹೆಸರಿನ ಎರಡು ಜಾಗ

2023ರ ಆಗಸ್ಟ್ 28. ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ಒಂದು ವಿಮಾನದ ಫ್ಲೈಟ್ ಪ್ಲಾನ್, ಅಂದರೆ ಅದು ಹಾರುವ ದಾರಿಯ ವಿವರ, ಬ್ರಿಟನ್ನಿನ ವಾಯು ಸಂಚಾರ ನಿಯಂತ್ರಣದ ಕಂಪ್ಯೂಟರಿಗೆ ಬಂತು. ಪ್ಲಾನಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ದಾರಿಯಲ್ಲಿ ಡಿವಿಎಲ್ ಅನ್ನುವ ಹೆಸರಿನ ಜಾಗ ಎರಡಿದ್ದವು. ಒಂದು ಅಮೆರಿಕದ ನಾರ್ತ್ ಡಕೋಟಾದಲ್ಲಿ, ಇನ್ನೊಂದು ಫ್ರಾನ್ಸಿನ ಡೋವಿಲ್‌ನಲ್ಲಿ. ವಿಮಾನ ಬ್ರಿಟನ್ನಿನ ಆಕಾಶದಿಂದ ಹೊರಬೀಳುವ ಜಾಗವನ್ನು ಹುಡುಕುತ್ತಿದ್ದ ಸಾಫ್ಟ್‌ವೇರ್ ಅಮೆರಿಕದ ಡಿವಿಎಲ್ ಹಿಡಿದುಕೊಂಡಿತು. ಒಳಗೆ ಬರುವ ಮೊದಲೇ ಹೊರಗೆ ಹೋಗುವುದು ಹೇಗೆ? ಲೆಕ್ಕ ಕೂಡಲಿಲ್ಲ. ತಪ್ಪು ಮಾಹಿತಿ ಕಂಟ್ರೋಲರ್‌ಗಳ ಕೈಗೆ ಹೋಗಬಾರದು ಅಂತ ಅದು ತಾನೇ ನಿಂತುಬಿಟ್ಟಿತು. ಬದಲಿ ಕಂಪ್ಯೂಟರ್‌ಗೂ ಸಿಕ್ಕಿದ್ದು ಅದೇ ಪ್ಲಾನ್, ಅದೂ ನಿಂತಿತು. ಇಷ್ಟೆಲ್ಲ ಆಗಿದ್ದು ಸುಮಾರು 20 ಸೆಕೆಂಡಿನಲ್ಲಿ. 7 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರಿಗೆ ತೊಂದರೆಯಾಯಿತು.

ಇದನ್ನು ಸುಮ್ನೆ ಸಾಫ್ಟ್‌ವೇರ್ ದೋಷ ಅಂದುಕೊಂಡು ಬಿಡುವ ಹಾಗಿಲ್ಲ. ಆ ಕಂಪ್ಯೂಟರಿನ ಮುಂದೆ ಒಂದೇ ಪ್ಲಾನಿನ ಎರಡು ರೂಪಗಳಿದ್ದವು. ಒಂದು, ವಿಮಾನ ಕಂಪನಿ ಬರೆದ ಚುಟುಕು ದಾರಿ. ಇನ್ನೊಂದು, ಯುರೋಪಿನ ವ್ಯವಸ್ಥೆ ಅದನ್ನು ಬಿಡಿಸಿ ಬರೆದ ಪೂರ್ತಿ ದಾರಿ. ಡೋವಿಲ್‌ನ ಹೆಸರು ಬಿಡಿಸಿ ಬರೆದದ್ದರಲ್ಲಿ ಇತ್ತು, ಚುಟುಕಿನಲ್ಲಿ ಇರಲಿಲ್ಲ. ಎರಡನ್ನೂ ಹೊಂದಿಸಲು ಹೋದಾಗಲೇ ಎಡವಟ್ಟಾಯಿತು.

ಅಷ್ಟೊಂದು ಚುಟುಕು ಯಾಕೆ? ಫ್ಲೈಟ್ ಪ್ಲಾನಿನ ಬರವಣಿಗೆ ಟೆಲಿಪ್ರಿಂಟರ್ ಕಾಲದ್ದು. ಬರೀ ದೊಡ್ಡಕ್ಷರಗಳು, ಅಡ್ಡಗೆರೆಗಳು, ಸಂಕ್ಷಿಪ್ತ ಗುರುತುಗಳು. ವಿಮಾನದ ನಿಜವಾದ ತೂಕ ಎಷ್ಟು, ಯಾವ ನಿಮಿಷಕ್ಕೆ ಎಷ್ಟು ಎತ್ತರದಲ್ಲಿರುತ್ತದೆ ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ವಿಮಾನ ಕಂಪನಿಯ ಕಂಪ್ಯೂಟರ್ ಇದನ್ನೆಲ್ಲ ಲೆಕ್ಕ ಹಾಕಿರುತ್ತದೆ. ನೆಲದ ಮೇಲಿನ ನಿಯಂತ್ರಣ ವ್ಯವಸ್ಥೆ ಮಾತ್ರ ಅಂದಾಜು ಮಾಡಬೇಕು. ತುಂಬಿದ ವಿಮಾನ ನಿಧಾನವಾಗಿ ಏರುತ್ತದೆ, ಹಗುರವಾದದ್ದು ಬೇಗ ಏರುತ್ತದೆ. ಅಂದಾಜು ತಪ್ಪಿದರೆ ಎರಡು ವಿಮಾನಗಳ ದಾರಿ ಎಲ್ಲಿ ಹತ್ತಿರವಾಗುತ್ತದೆ ಅನ್ನುವ ಲೆಕ್ಕವೂ ತಪ್ಪುತ್ತದೆ. ಒಬ್ಬರ ಹತ್ತಿರ ಸರಿಯಾದ ಉತ್ತರ ಇದ್ದೂ ಇನ್ನೊಬ್ಬರು ಊಹಿಸುತ್ತ ಕೂರಬೇಕು, ಬೇಸರದ ವಿಷಯ ಅಲ್ವಾ?

ಇದಕ್ಕಾಗಿಯೇ ಎಫ್‌ಐಎಕ್ಸ್‌ಎಂ ಅನ್ನುವ, ಹಾರಾಟದ ಮಾಹಿತಿ ಹಂಚಿಕೊಳ್ಳುವ ಹೊಸ ಮಾದರಿ ಬಂದಿದೆ. ಅದರಲ್ಲಿ ತೂಕ, ಎತ್ತರ, ಸಮಯ ಎಲ್ಲಕ್ಕೂ ಗೊತ್ತುಮಾಡಿದ ಜಾಗವಿದೆ. ಹೆಸರಿನ ಜೊತೆಗೇ ಅಕ್ಷಾಂಶ, ರೇಖಾಂಶ ಕಳಿಸಬಹುದು. ಪ್ರತಿ ಹಾರಾಟಕ್ಕೂ ಜಗತ್ತಿನಲ್ಲಿ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ಸಿಗುತ್ತದೆ. ಇದು ಬೇಕೇ ಬೇಕು, ಯಾಕೆಂದರೆ ನಿನ್ನೆ ತಡವಾದ ವಿಮಾನ ಮತ್ತು ಇವತ್ತಿನ ವಿಮಾನ ಒಂದೇ ನಂಬರಿನಲ್ಲಿ ಒಟ್ಟಿಗೆ ಹಾರುತ್ತಿರಬಹುದು.

ಹಳೆಯ ಮಾದರಿಯನ್ನು 2034ರಲ್ಲಿ ನಿಲ್ಲಿಸಬೇಕು ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದೆ. ನನಗೆ ಹೆಚ್ಚು ಚಿಂತೆ ಇರುವುದು ನಡುವಿನ ಈ ವರ್ಷಗಳದ್ದೇ. ಅಲ್ಲಿಯವರೆಗೆ ಎರಡು ಮಾದರಿಗಳೂ ಜೊತೆಯಲ್ಲೇ ಓಡಬೇಕು. ಕಂಪ್ಯೂಟರ್‌ಗಳು ಮತ್ತೆ ಒಂದೇ ಪ್ಲಾನನ್ನು ಎರಡು ರೂಪಗಳಲ್ಲಿ ಓದಿ ಹೊಂದಿಸುತ್ತಿರಬೇಕು.