ದಿಗ್ಬಂಧನ: ಸುಂಕವೂ ಅಲ್ಲ, ನಿಷೇಧವೂ ಅಲ್ಲ

ರಾಯಚೂರಿನ ಹತ್ತಿ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಆ ಪದ ಮತ್ತೆ ಕಂಡಿತು: ‘ಅಮೆರಿಕದ ಆರ್ಥಿಕ ದಿಗ್ಬಂಧನ’. ಒಳಗೆ ಓದಿದರೆ ಸಂಗತಿ ಆಮದು ಸುಂಕದ್ದು. ಅಕ್ಕಿ ರಫ್ತು ನಿಂತಾಗಲೂ ದಿಗ್ಬಂಧನ, ಬ್ಯಾಂಕಿನಿಂದ ಹಣ ತೆಗೆಯಲು ಮಿತಿ ಬಂದಾಗಲೂ ದಿಗ್ಬಂಧನ, ಕೊರೊನಾ ಕಾಲದಲ್ಲಿ ಮನೆಯೊಳಗೆ ಕುಳಿತದ್ದೂ ದಿಗ್ಬಂಧನ. ಯಾವುದೇ ಸರ್ಕಾರ ಬಿಗಿ ನಿಲುವು ತಳೆದ ಕೂಡಲೇ ಈ ಒಂದೇ ಪದಕ್ಕೆ ಕೈ ಹಾಕುವ ಚಾಳಿ ಸಾಕು. ಸುಂಕ, ನಿಷೇಧ, ನಿರ್ಬಂಧ ಎಂಬ ಮೂರು ಪದಗಳು ನಮ್ಮಲ್ಲಿವೆ, ಮೂರರ ಪೆಟ್ಟೂ ಬೇರೆ ಬೇರೆ ಕಡೆ ಬೀಳುತ್ತದೆ.

ದಿಕ್ಕುಗಳನ್ನು ಕಟ್ಟುವುದೇ ದಿಗ್ಬಂಧನ. ‘ದಿಕ್’ ಎಂಬುದಕ್ಕೆ ‘ಬಂಧನ’ ಸೇರಿ ಆದ ಜಶ್ತ್ವ ಸಂಧಿ. ದಿಗಂತ, ದಿಗ್ಗಜಗಳ ಸಾಲಿನದೇ. ಅದರ ತವರು ರಾಜತಾಂತ್ರಿಕರ ಕಚೇರಿಯಲ್ಲ, ಜಪದ ಮಣೆ. ಜಪಕ್ಕೆ ಕೂರುವವರು, ಮಂತ್ರ ಹೇಳುತ್ತ ಮೈಯ ಅಂಗಗಳನ್ನು ಮುಟ್ಟಿಕೊಳ್ಳುವ ಅಂಗನ್ಯಾಸದ ಕೊನೆಗೆ ‘ಭೂರ್ಭುವಸ್ಸುವರೋಮಿತಿ ದಿಗ್ಬಂಧಃ’ ಎನ್ನುತ್ತ ತಲೆಯ ಸುತ್ತ ಚಿಟಿಕೆ ಹಾಕುತ್ತಾರೆ. ಕೇಡು ಯಾವ ಕಡೆಯಿಂದಲೂ ಒಳನುಗ್ಗದಿರಲಿ ಎಂದು ದಿಕ್ಕುಗಳಿಗೆ ಹಾಕಿದ ಕಟ್ಟು ಅದು. ಜಪ ಮುಗಿದ ಮೇಲೆ ‘ದಿಗ್ವಿಮೋಕಃ’ ಎಂದು ಕಟ್ಟು ಬಿಚ್ಚುತ್ತಾರೆ. ಇಲ್ಲಿ ಕಟ್ಟು ಹಾಕಿದವನೇ ಅದರ ಒಳಗಿರುತ್ತಾನೆ. ಅದು ಅವನ ರಕ್ಷೆ. ರಾಜಕಾರಣಕ್ಕೆ ಬಂದಾಗ ಪದ ಮಗುಚಿ ಬಿತ್ತು. ಕಟ್ಟುವವನು ಹೊರಗೆ ನಿಂತ, ಒಳಗೆ ಸಿಕ್ಕಿಬಿದ್ದವನು ಎದುರಾಳಿಯಾದ. ಇಷ್ಟು ತಿರುವುಮುರುವಾದರೂ ಒಂದು ಅಂಶ ಮಾತ್ರ ಕದಲಲಿಲ್ಲ: ಕಟ್ಟು ಎಲ್ಲ ದಿಕ್ಕಿಗೂ ಇರಬೇಕು. ಒಂದು ದಿಕ್ಕು ತೆರೆದಿದ್ದರೂ ಜಪದವನಿಗೆ ರಕ್ಷೆ ಇಲ್ಲ, ಕೋಟೆಗೆ ಮುತ್ತಿದವನಿಗೆ ಗೆಲುವಿಲ್ಲ.

ಕೋಟೆಯ ಮಾತು ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1520ರಲ್ಲಿ ಕೃಷ್ಣದೇವರಾಯನ ಸೇನೆ ಇಲ್ಲಿನ ಕೋಟೆಯನ್ನು ಸುತ್ತುವರಿಯಿತು. ಅದನ್ನು ಬಿಡಿಸಲು ಕೃಷ್ಣೆಯನ್ನು ದಾಟಿ ಬಂದ ಬಿಜಾಪುರದ ಸೈನ್ಯ ಸೋತು ಹಿಂದೆ ಸರಿದ ಮೇಲೆ ಹೊರಗಿನ ನೆರವಿನ ದಾರಿ ಮುಚ್ಚಿತು, ಕೋಟೆ ಶರಣಾಯಿತು. ನೆಲದ ಮೇಲಿನ ಈ ಕೆಲಸಕ್ಕೆ ಕನ್ನಡದಲ್ಲಿ ಮುತ್ತಿಗೆ ಎನ್ನುತ್ತೇವೆ. ಇದನ್ನೇ ಸಮುದ್ರದಲ್ಲಿ ಯುದ್ಧನೌಕೆಗಳಿಂದ ಮಾಡಿ, ಎದುರಾಳಿಯ ಬಂದರಿಗೆ ಹಡಗು ಹೋಗದಂತೆ, ಅಲ್ಲಿಂದ ಹೊರಡದಂತೆ ತಡೆದರೆ ಅದು ದಿಗ್ಬಂಧನ. ಹಾಗೆಂದು ಘೋಷಿಸಿದರೆ ಸಾಲದು, ನಿಜಕ್ಕೂ ತಡೆಯುವಷ್ಟು ಬಲ ಅಲ್ಲಿ ನಿಂತಿರಬೇಕು ಎಂಬ ನಿಯಮ 1856ರ ಪ್ಯಾರಿಸ್ ಘೋಷಣೆಯಷ್ಟು ಹಳೆಯದು. ಕಾಗದದ ಮೇಲಿನ ದಿಗ್ಬಂಧನಕ್ಕೆ ಅಂದೇ ಮಾನ್ಯತೆ ಇರಲಿಲ್ಲ.

ದಿಗ್ಬಂಧನ ಯುದ್ಧದ ಕೃತ್ಯ. ಇದು ಗೊತ್ತಿದ್ದುದರಿಂದಲೇ 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದತ್ತ ಹೊರಟಿದ್ದ ಶಸ್ತ್ರಾಸ್ತ್ರಗಳ ಹಡಗುಗಳನ್ನು ತಡೆಯಲು ನೌಕಾಪಡೆಯನ್ನು ಕಳಿಸಿದ ಅಧ್ಯಕ್ಷ ಕೆನಡಿ ಆ ಹೆಸರು ಬಳಸಲಿಲ್ಲ, ‘ಕ್ವಾರಂಟೈನ್’ ಎಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಕ್ಯೂಬಾದ ಜೊತೆಗಿನ ವ್ಯಾಪಾರವನ್ನು ಅಮೆರಿಕ ನಿಲ್ಲಿಸಿತ್ತು, ಅದು ಆರ್ಥಿಕ ನಿರ್ಬಂಧ. ಕ್ಯೂಬಾ ಸರ್ಕಾರ ಮಾತ್ರ ಅದನ್ನೂ ದಿಗ್ಬಂಧನವೆಂದೇ ಕರೆಯುತ್ತ ಬಂದಿದೆ. ಅದು ಅವರ ವಾದ, ಅವರು ಮಂಡಿಸಲಿ. ನಮ್ಮ ವರದಿಗಾರ ಅದೇ ಪದವನ್ನು ಎತ್ತಿಕೊಂಡರೆ ತನಗರಿವಿಲ್ಲದೆ ಒಂದು ಪಕ್ಷಕ್ಕೆ ವಕಾಲತ್ತು ವಹಿಸಿದಂತೆ.

ವಿಶ್ವಸಂಸ್ಥೆಯ ಸನ್ನದು ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆದಿದೆ. ಆರ್ಥಿಕ ಸಂಬಂಧ, ಸಾರಿಗೆ, ರಾಜತಾಂತ್ರಿಕ ಸಂಬಂಧಗಳನ್ನು ಕಡಿಯುವ ಕ್ರಮಗಳು 41ನೇ ವಿಧಿಯಲ್ಲಿವೆ, ಅಲ್ಲಿ ಸೇನೆಯ ಬಳಕೆ ಇಲ್ಲ. ದಿಗ್ಬಂಧನ ಬರುವುದು 42ನೇ ವಿಧಿಯಲ್ಲಿ, ಸೇನಾ ಕಾರ್ಯಾಚರಣೆಯ ಜೊತೆ. ಕುವೈತನ್ನು ಆಕ್ರಮಿಸಿದ ಇರಾಕ್ ಮೇಲೆ 1990ರ ಆಗಸ್ಟ್ 6ರಂದು ಭದ್ರತಾ ಮಂಡಳಿ 661ನೇ ನಿರ್ಣಯದ ಮೂಲಕ ವ್ಯಾಪಾರ ನಿರ್ಬಂಧ ಹೇರಿತು. ಅದನ್ನು ಮೀರುವ ಹಡಗುಗಳನ್ನು ನೌಕಾಪಡೆಗಳು ತಡೆಯಲು ಆಗಸ್ಟ್ 25ರ 665ನೇ ನಿರ್ಣಯವೇ ಬೇಕಾಯಿತು. 2022ರಲ್ಲಿ ರಷ್ಯಾದ ಕೆಲವು ಬ್ಯಾಂಕುಗಳನ್ನು, ದೇಶದೇಶಗಳ ಬ್ಯಾಂಕುಗಳು ಹಣ ಪಾವತಿಯ ಸಂದೇಶ ಕಳಿಸಿಕೊಳ್ಳುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟದ್ದು, ಅದರ ವಿದೇಶಿ ಮೀಸಲನ್ನು ತಡೆಹಿಡಿದದ್ದು ಬಲು ಕಠಿಣ ನಿರ್ಬಂಧಗಳು. ಆದರೆ ಆ ದೇಶದ ಕಚ್ಚಾ ತೈಲ ಹೊತ್ತ ಹಡಗುಗಳು ಗುಜರಾತಿನ ಬಂದರುಗಳಿಗೆ ಬರುತ್ತಲೇ ಇದ್ದವು. ಯಾವ ದಿಕ್ಕು ಕಟ್ಟಿದಂತಾಯಿತು?

ಇನ್ನು ಹತ್ತಿ. 2025ರ ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕುಗಳ ಮೇಲೆ ಅಮೆರಿಕ ವಿಧಿಸಿದ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ ದಂಡದ ರೂಪದ್ದು. ಇಂಥ ಸುಂಕವನ್ನು ಕಟ್ಟುವವನು ಅಲ್ಲಿನ ಆಮದುದಾರ, ಭಾರತ ಸರ್ಕಾರವಲ್ಲ. ಸುಂಕ ಕಟ್ಟಿದರೆ ಸರಕು ಒಳಗೆ ಹೋಗುತ್ತದೆ. ಬಾಗಿಲು ಮುಚ್ಚಿರುವುದಿಲ್ಲ, ಬಾಗಿಲಲ್ಲಿ ಸುಂಕದವನು ಕುಳಿತಿರುತ್ತಾನೆ, ಅವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಅಷ್ಟೆ. ಅಲ್ಲಿನ ಖರೀದಿದಾರ ದರ ಇಳಿಸಿ ಎನ್ನುತ್ತಾನೆ, ಬಟ್ಟೆ ಕಾರ್ಖಾನೆ ನೂಲಿನ ಗಿರಣಿಯ ಕಡೆ ನೋಡುತ್ತದೆ, ಗಿರಣಿ ಹತ್ತಿಯ ಕಡೆ. ಈ ಒತ್ತಡ ನಿಜ. ಆದರೆ ರೈತನಿಗೆ ನೇರವಾಗಿ ತಟ್ಟುವ ತೀರ್ಮಾನ ಆದದ್ದು ದೆಹಲಿಯಲ್ಲಿ. ಜವಳಿ ಉದ್ಯಮದ ಹೊರೆ ಇಳಿಸಲೆಂದು ಕೇಂದ್ರ ಸರ್ಕಾರ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಆಗಸ್ಟ್ 19ರಿಂದ ಕೈಬಿಟ್ಟಿತು, ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ರಾಯಚೂರಿನ ಎಪಿಎಂಸಿಗೆ ಹೊಸ ಹತ್ತಿ ಬರುವ ತಿಂಗಳುಗಳೇ ಅವು. ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು, ಅದೇ ಹೊತ್ತಿಗೆ ಹೊರದೇಶದ ಹತ್ತಿ ಸುಂಕವಿಲ್ಲದೆ ಒಳಗೆ ಬರುವಂತಾಯಿತು. ನಮ್ಮ ರೈತನಿಗೆ ಕಳವಳ ತಂದದ್ದು ತೆರೆದ ಬಾಗಿಲು. ‘ದಿಗ್ಬಂಧನ’ ಎಂದು ಬರೆದವರು ಅವನ ಕಣ್ಣನ್ನು ಪೂರಾ ಬೇರೆ ಕಡೆ ತಿರುಗಿಸಿದರು. ನನಗೆ ಸಿಟ್ಟು ಬರುವುದು ಇದಕ್ಕೆ.

ಅಕ್ಕಿಗೆ ಬಂದದ್ದು ನಿಷೇಧ. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಮ್ಮದೇ ಸರ್ಕಾರ ನಿಲ್ಲಿಸಿತು, ಗಂಗಾವತಿ, ಕಾರಟಗಿಯ ಗಿರಣಿಗಳ ಸೋನಾ ಮಸೂರಿ ಅದರಲ್ಲಿ ಸಿಕ್ಕಿತು. ಕುಸುಬಲಕ್ಕಿಗೆ ನಿಷೇಧ ಇರಲಿಲ್ಲ. ಅದಕ್ಕೆ ಆಗಸ್ಟ್ ಕೊನೆಗೆ ಶೇ 20ರ ರಫ್ತು ಸುಂಕ ಬಂತು. ಒಂದೇ ಗಿರಣಿಯಿಂದ ಹೊರಡುವ ಎರಡು ಬಗೆಯ ಚೀಲಕ್ಕೆ ಆಗ ಎರಡು ಬಗೆಯ ಕಾನೂನು ಇತ್ತು.

ಬಳ್ಳಾರಿಯ ಕಬ್ಬಿಣದ ಅದಿರು ಈ ಮೂರೂ ಪದಗಳನ್ನು ಕಂಡಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ್ದು ನಿಷೇಧ. ಮುಂದೆ ಗಣಿಗಳು ತೆರೆದಾಗ ವರ್ಷಕ್ಕೆ ಇಷ್ಟೇ ತೆಗೆಯಬೇಕೆಂದು ಮಿತಿ ಹಾಕಿದ್ದು ನಿರ್ಬಂಧ. ಆ ಮಿತಿ 2022ರಲ್ಲಿ ಬಳ್ಳಾರಿಗೆ 3.5 ಕೋಟಿ ಟನ್‌ಗೆ ಏರಿತು. ಅದೇ ವರ್ಷದ ಮೇ 20ರಂದು ನ್ಯಾಯಾಲಯ ರಾಜ್ಯದ ಅದಿರಿನ ರಫ್ತಿಗೆ ಅನುಮತಿ ನೀಡಿತು. ಮೇ 22ರಿಂದ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಎರಡೇ ದಿನದಲ್ಲಿ ಒಂದು ತಡೆ ಹೋಗಿ ಇನ್ನೊಂದು ಬಂತು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಸಂಡೂರಿನ ಲಾರಿ ಮಾಲೀಕನಿಗೆ ಆ ವಾರ ಏನಾಯಿತೆಂದು ವಿವರಿಸುವುದೇ ಅಸಾಧ್ಯ.

ಬ್ಯಾಂಕಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಪದವೊಂದು ತಪ್ಪಿದರೆ ಮರುದಿನವೇ ಬಾಗಿಲಲ್ಲಿ ಜನ ಸೇರುತ್ತಾರೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಸೆಕ್ಷನ್ ಅಡಿ ರಿಸರ್ವ್ ಬ್ಯಾಂಕ್ ಹೊರಡಿಸುವುದು ನಿರ್ದೇಶನ. ಅದರಿಂದ ಆಗುವುದು ಹೊಸ ಸಾಲ, ಠೇವಣಿ ಹಾಗೂ ಹಣ ಹಿಂಪಡೆಯುವುದರ ಮೇಲಿನ ನಿರ್ಬಂಧ. ಪ್ರಕಟಣೆಯಲ್ಲಿ ಹಿಂಪಡೆಯುವ ಮಿತಿ ಎಷ್ಟು, ಅವಧಿ ಎಷ್ಟು ತಿಂಗಳು ಎಂದು ನೋಡಿಕೊಳ್ಳಿ. ಇದನ್ನು ಪರವಾನಗಿ ರದ್ದತಿ ಎಂದು ಭಾವಿಸಬಾರದು ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಭಾಗದಲ್ಲಿರುತ್ತದೆ. ಸುದ್ದಿ ಹಂಚುವವರು ಮೊದಲು ಆ ಸಾಲನ್ನು ಹಾಕಲಿ.